ಪಾದ್ರಿ ಆಂಟಿ ಬಿಟ್ಟುಕೊಟ್ಟ ಮನೆ

ಕಳೆದ ವಾರ ಕಾಫಿ ಮೇಕರಿನೊಳಗೆ ಕಟ್ಟಿದ್ದ ಸುಣ್ಣ ತೆಗೆಯಲು ವಿನೆಗರ್ ಹಾಕಿ ಕುದಿಸಿದೆ. ಅಡುಗೆಮನೆಯ ತುಂಬ ಆ ಹುಳಿ ವಾಸನೆ ಎದ್ದದ್ದೇ ತಡ, ನನಗೆ ಸಿಟ್ಟು ಬಂತು. ಮೊದಲು ಬಂದದ್ದು ಸಿಟ್ಟು. ಅದು ಯಾರ ಮೇಲಿನದು ಎಂಬುದು ನೆನಪಾದದ್ದು ಆಮೇಲೆ... ಪಕ್ಕದ ಮನೆಯಲ್ಲಿದ್ದ ಪಾದ್ರಿ ಆಂಟಿಯ ಮೇಲಿನದು.

ಸ್ಯಾನ್ ಡಿಯೆಗೊದ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮರದ ಬೇಲಿ. ಆಂಟಿಯ ಗಂಡ, ಅಂಕಲ್, ಒಂದು ಸಣ್ಣ ಕ್ರೈಸ್ತ ಸಭೆಯ ಪಾದ್ರಿಯಾಗಿದ್ದರು. ಸ್ಯಾನ್ ಡಿಯೆಗೊದ ಕೆಲವು ಕನ್ನಡ ಕುಟುಂಬಗಳು, ಲಾಸ್ ಏಂಜಲೀಸ್ ಕಡೆಯ ಇನ್ನು ಕೆಲವು, ಅಷ್ಟೇ ಸಭೆ. ವಾಸಕ್ಕೆ ಕೊಟ್ಟಿದ್ದ ಮನೆಯೂ ಸಭೆಯದೇ. ಗಂಡ ಹೆಂಡತಿ ಇಬ್ಬರೂ ಧಾರವಾಡದವರು. ನಾನು ಬೆಂಗಳೂರಿನವಳು, ಚರ್ಚಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ನನಗೆ ಕನ್ನಡ ಬರುತ್ತಿತ್ತು, ನನ್ನ ಬಳಿ ಕಾರಿತ್ತು. ಆಂಟಿಗೆ ಅಷ್ಟು ಸಾಕಾಗಿತ್ತು.

2020ರಲ್ಲಿ ಕೊರೋನಾ ಬಂದು ಎಲ್ಲ ಮುಚ್ಚಿಕೊಂಡಾಗ ನಾನು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದೆ. ಬೇಲಿಯಾಚೆ ಆಂಟಿ ಫೋನಿನಲ್ಲಿ ಯಾರಿಗೋ ಭರವಸೆ ಕೊಡುವುದು ಕೇಳಿಸುತ್ತಿತ್ತು. "ಅಡ್ಗಿ ಮಾಡೂದು ಬ್ಯಾಡ್ರೀ, ನೀವು ಮಲ್ಕೋರಿ. ನಮ್ಮ ಬಾಜೂ ಮನಿ ಹುಡುಗಿ ತಂದು ಕೊಡ್ತಾಳ." ಆ ಹುಡುಗಿ ನಾನು. ನಲವತ್ತಮೂರು ವರ್ಷದವಳು, ಎರಡು ಮಕ್ಕಳ ತಾಯಿ. ವಿಷಯ ನನಗೆ ತಿಳಿಯುತ್ತಿದ್ದದ್ದು ಆಮೇಲೆ.

"ಆಂಟಿ, ನನ್ನನ್ನ ಒಂದು ಮಾತು ಕೇಳಬಾರದಾ?"

"ಕೇಳಿದ್ರ ನೀ ಒಲ್ಲೆ ಅಂತಿದ್ದೆಲ್ಲವಾ. ಅದಕ್ಕ ಕೇಳಲಿಲ್ಲ."

ಹಾಗೆ ಎಷ್ಟು ಶನಿವಾರಗಳು ಹೋದವೋ. ಹಿಂದಿನ ಸೀಟಿನಲ್ಲಿ ಸಾರಿನ ಪಾತ್ರೆಗಳು, ಅವುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾಸ್ಕ್ ಹಾಕಿದ ಆಂಟಿ. ಲಾಸ್ ಏಂಜಲೀಸ್‌ವರೆಗೆ ಡ್ರೈವ್ ಮಾಡಿ, ಯಾರದೋ ಬಾಗಿಲಲ್ಲಿ ಪಾತ್ರೆ ಇಟ್ಟು, ಬೆಲ್ ಒತ್ತಿ, ದೂರ ನಿಂತು ಕೈಬೀಸಿ ವಾಪಸ್ಸು. ನನ್ನ ಸ್ಟೀಲ್ ಡಬ್ಬಿಗಳು ಹಾಗೆ ಹೋದವು ತಿರುಗಿ ಬರಲೇ ಇಲ್ಲ. ಆಂಟಿಯ ಮಗಳು ಅಲ್ಲೇ ಲಾಸ್ ಏಂಜಲೀಸ್‌ನಲ್ಲಿದ್ದಳು. ಒಮ್ಮೆ ಗೇಟಿನ ಬಳಿ ನಿಂತು ನನಗೆ ಹೇಳಿದಳು, "ಚಿಕ್ಕವಳಿದ್ದಾಗ ನನ್ನ ರೂಮಲ್ಲಿ ಆಲ್ವೇಸ್ ಯಾರಾದ್ರೂ ಗೆಸ್ಟ್ ಇರ್ತಿದ್ರು. ಐ ಸ್ಲೆಪ್ಟ್ ಆನ್ ದ ಸೋಫಾ. ಈಗ ನಿಮ್ಮ ಟರ್ನ್." ನಗುತ್ತಲೇ ಹೇಳಿದಳು. ಕಣ್ಣಿನಲ್ಲಿ ಮಾತ್ರ ನಗು ಇರಲಿಲ್ಲ.

ಮರುವರ್ಷ ಜನವರಿಯಲ್ಲಿ ಅಂಕಲ್‌ಗೆ ಸೋಂಕು ತಗುಲಿತು. ಆಸ್ಪತ್ರೆಗೆ ಸೇರಿದ ಹನ್ನೊಂದನೇ ದಿನ ಹೋಗಿಬಿಟ್ಟರು. ಆಂಟಿ ಅವರನ್ನು ಕೊನೆಯ ಸಲ ನೋಡಿದ್ದು ನನ್ನ ಟ್ಯಾಬ್ಲೆಟ್‌ನ ಪರದೆಯಲ್ಲಿ. ಆಸ್ಪತ್ರೆಯಲ್ಲಿ ನರ್ಸ್ ಫೋನು ಹಿಡಿದಿದ್ದಳು. ಆಂಟಿ ಪರದೆಯ ಮೇಲೆ ಅವರ ಹಣೆ ಇದ್ದ ಕಡೆ ಬೆರಳಿಟ್ಟುಕೊಂಡು ಕೂತಿದ್ದರು. ಬೆರಳು ತಾಗಿ ಕರೆ ಎರಡು ಸಲ ಕಟ್ ಆಯಿತು...

ಮಣ್ಣು ಮಾಡಿ ತಿಂಗಳಾಗಿರಲಿಲ್ಲ, ಸಭೆಯ ಕಮಿಟಿಯ ಮೂವರು ಬಂದರು. ಹಿತ್ತಲಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಆಂಟಿ ಮಾಡಿದ ಉಪ್ಪಿಟ್ಟು ತಿಂದರು. ಬೇಲಿಯೀಚೆ ಬಟ್ಟೆ ಹರವುತ್ತಿದ್ದ ನನಗೆ ಎಲ್ಲವೂ ಕೇಳಿಸಿತು. "ಹೊಸ ಪಾದ್ರಿಯವರು ಫ್ಯಾಮಿಲಿ ಜೊತೆ ಬರ್ತಿದ್ದಾರೆ ಅಮ್ಮನವರೇ. ಅವಸರ ಏನಿಲ್ಲ, ಅರವತ್ತು ದಿನ ತಗೊಳ್ಳಿ." ಇಪ್ಪತ್ತೆರಡು ವರ್ಷ ಇದ್ದ ಮನೆ ಅದು. ಆಂಟಿ, "ಇನ್ನೊಂದೀಟು ಉಪ್ಪಿಟ್ಟು ಹಾಕ್ಲೇನ್ರೀ?" ಎಂದರು.

ಮರುದಿನ ಬೆಳಿಗ್ಗೆ ನೋಡಿದರೆ ಆಂಟಿ ಸ್ಟೂಲ್ ಹತ್ತಿ ನಿಂತು ಹಳೆಯ ಪೇಪರನ್ನು ವಿನೆಗರ್‌ನಲ್ಲಿ ಅದ್ದಿ ಕಿಟಕಿ ಒರೆಸುತ್ತಿದ್ದರು. ಅರವತ್ತೆಂಟು ವಯಸ್ಸು. ಮುಂದೆ ಬರುವವಳಿಗೆ ಕಿಟಕಿ ಸ್ವಚ್ಛವಿರಬೇಕಂತೆ! ಸಾಲದೆಂದು ನನ್ನನ್ನು ಕೂರಿಸಿಕೊಂಡು ಚೀಟಿ ಬರೆಸಿದರು. ‘ಈ ಒಲೆ ತಡವಾಗಿ ಹೊತ್ತುತ್ತದೆ.’ ‘ಈ ನಲ್ಲಿ ಬಿಗಿಯಾಗಿ ತಿರುಗಿಸಬೇಡಿ.’ ನಾಲ್ಕನೇ ಚೀಟಿಗೆ ನಾನು ಪೆನ್ನು ಕೆಳಗಿಟ್ಟೆ.

"ನಿಮಗೆ ಸಿಟ್ಟೇ ಬರಲ್ವಾ ಆಂಟಿ?"

ಉತ್ತರವಾಗಿ ಅವರ ಮನೆತನದ ಕತೆ ಬಂತು. ಅವರ ಅಜ್ಜಿಯ ತಾಯಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಬ್ಬ ಇಂಗ್ಲಿಷ್ ಪಾದ್ರಿಯ ಮನೆಯಲ್ಲಿ ಆಯಾ ಆಗಿದ್ದಳು. ಪಾದ್ರಿಯ ಹೆಂಡತಿಯನ್ನು ಎಲ್ಲರೂ ದೊರೆಸಾನಿ ಎನ್ನುತ್ತಿದ್ದರು. ಆರು ಮಕ್ಕಳನ್ನು ಹೆತ್ತವಳು, ಇಬ್ಬರನ್ನು ಅಲ್ಲೇ ಮಣ್ಣು ಮಾಡಿದವಳು. ಪಾದ್ರಿ ಜ್ವರ ಬಂದು ತೀರಿಕೊಂಡಾಗ ಅವಳಿಗೆ ಬಂಗಲೆ ಖಾಲಿ ಮಾಡಲು ಸಿಕ್ಕದ್ದು ಒಂದು ತಿಂಗಳು. ಆ ತಿಂಗಳಲ್ಲಿ ಅವಳು ಗೋಡೆಗೆಲ್ಲ ಸುಣ್ಣ ಹೊಡೆಸಿದಳು. ಹೋಗುವ ದಿನ ನೀರಿನ ಹಂಡೆ ತುಂಬಿಸಿ, ಬ್ರೆಡ್ ಬೇಯಿಸಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟಳು. ಆಯಾ ಅತ್ತಳಂತೆ. "ಅಳಬ್ಯಾಡ, ಬರೋ ಹೆಣ್ಮಗಳು ದಣಿದು ಬರ್ತಾಳ" ಎಂದು ಹೇಳಿ ದೊರೆಸಾನಿ ನಾಲ್ಕು ಮಕ್ಕಳೊಡನೆ ಗಾಡಿ ಹತ್ತಿದಳಂತೆ.

"ಆಮೇಲೆ ಅವಳೇನಾದ್ಲು?"

"ಯಾರಿಗೆ ಗೊತ್ತು? ಪಾದ್ರಿ ಹೆಸರು ಚರ್ಚಿನ ಗೋಡ್ಯಾಗ ಕಲ್ಲಿನ ಮ್ಯಾಲ ಅದ. ಆಕೀದು ಇಷ್ಟ ಕತಿ."

ನನಗೆ ತಲೆ ಕೆಟ್ಟುಹೋಯಿತು. ನೂರಮೂವತ್ತು ವರ್ಷ ಕಳೆದಿವೆ, ಹೆಂಗಸರು ಇನ್ನೂ ಮುಂದಿನವಳಿಗೆಂದು ಮನೆ ತೊಳೆಯುತ್ತಲೇ ಇದ್ದಾರೆ! ಇಷ್ಟು ಬೇಗ ಮನೆ ಬಿಡಿಸುವುದು ಅನ್ಯಾಯ ಎಂದು ಕಮಿಟಿಗೆ ನಾನೇ ಒಂದು ಇಮೇಲ್ ಬರೆದು, ನಿಮ್ಮ ಹೆಸರು ಹಾಕಿ ಎಂದು ಆಂಟಿಗೆ ಕೊಟ್ಟೆ. ಆಂಟಿ ಪೂರ್ತಿ ಓದಿ, "ಇಂಗ್ಲಿಷ್ ಛಲೋ ಬರೀತಿ" ಎಂದು ವಾಪಸ್ಸು ಕೊಟ್ಟರು. ನಾನು ಸುಮ್ಮನಿರಲಿಲ್ಲ. ನನ್ನ ಹೆಸರಿನಲ್ಲೇ ಸಭೆಯ ಎಲ್ಲ ಮನೆಗಳಿಗೂ ಅದನ್ನು ಕಳಿಸಿದೆ. ಅವರ ಸಾರು ಉಂಡವರೆಲ್ಲ ಎಲ್ಲಿದ್ದೀರಿ ಎಂದು ಕೇಳಿದೆ. ಎರಡೇ ದಿನದಲ್ಲಿ ಅರವತ್ತು ದಿನ ಆರು ತಿಂಗಳಾಯಿತು. ನಾನು ಗೆದ್ದೆ ಅಂದುಕೊಂಡೆ.

ಸಂಜೆ ಆಂಟಿ ಬೇಲಿಯ ಬಳಿ ಬಂದರು. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಾ ಕೈಯಾರೆ ಕೊಟ್ಟು ಹೊಂಟಿದ್ದೆ. ನೀ ಅದನ್ನ ಅವರು ಕಸಗೊಂಡಂಗ ಮಾಡಿದಿ."

ಆರು ತಿಂಗಳಿರಲಿ, ಅರವತ್ತು ದಿನವೂ ಇರಲಿಲ್ಲ. ಐವತ್ತೆರಡನೇ ದಿನ ಮಗಳ ಕಾರಿನಲ್ಲಿ ಹೊರಟುಹೋದರು. ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ.

ವರ್ಷದ ಮೇಲಾಯಿತು, ನಾನೂ ಫೋನ್ ಮಾಡಲಿಲ್ಲ. ಒಂದು ಗುರುವಾರ ಮೀಟಿಂಗಿನ ನಡುವೆ ಅವರದೇ ಕರೆ. "ಶನಿವಾರ ಫ್ರೀ ಅದೀಯೇನವಾ? ಇಲ್ಲೊಬ್ಬಾಕಿ ಬಾಣಂತಿ ಅದಾಳ, ಯಾರೂ ದಿಕ್ಕಿಲ್ಲ. ನೀ ಬರ್ತಿ ಅಂತ ಹೇಳೇನಿ." ನಡುವೆ ಏನೂ ಆಗಿಯೇ ಇಲ್ಲವೇನೋ ಎಂಬಂತೆ! ನಾನು ಗೊಣಗಿಕೊಂಡೇ ಹೊರಟೆ. ದಾರಿಯುದ್ದಕ್ಕೂ ಎರಡು ಮಾತು ಜೋಡಿಸುತ್ತಿದ್ದೆ, ತಪ್ಪಾಯಿತು ಎನ್ನಲು ಒಂದು, ಆದರೂ ನಾನು ಹೇಳಿದ್ದೇ ಸರಿ ಎನ್ನಲು ಇನ್ನೊಂದು. ಮಗಳ ಮನೆಯಲ್ಲಿ ಆಂಟಿ ಹಾಲ್‌ನ ಸೋಫಾದ ಮೇಲೆ ಮಲಗುತ್ತಿದ್ದರು. ತಮಗೆಂದು ಕೊಟ್ಟಿದ್ದ ರೂಮನ್ನು ಆ ಬಾಣಂತಿಗೆ ಬಿಟ್ಟುಕೊಟ್ಟಿದ್ದರು. ಮಗಳು ನನ್ನ ಮುಖ ನೋಡಿ ಎರಡೂ ಕೈ ಮೇಲೆತ್ತಿದಳು. ಅಷ್ಟರಲ್ಲಿ ಕೂಸನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಹೊತ್ತಾಯಿತು. ನನ್ನ ಎರಡು ಮಾತೂ ಹಾಗೇ ಉಳಿದವು. ಮುಂದಿನ ಸಲ ಅಂದುಕೊಂಡೆ...

ಆ ಚಳಿಗಾಲದಲ್ಲಿ ಆಂಟಿ ನಿದ್ದೆಯಲ್ಲೇ ಹೋದರು, ಅದೇ ಸೋಫಾದ ಮೇಲೆ.

ಈಗ ಪಕ್ಕದ ಮನೆಯಲ್ಲಿ ಹೊಸ ಪಾದ್ರಿಯ ಹೆಂಡತಿ ಇದ್ದಾಳೆ. ಮಂಗಳೂರಿನ ಹುಡುಗಿ, ಒಳ್ಳೆಯವಳು, ನನಗೇನೂ ಕೆಲಸ ಹಚ್ಚುವುದಿಲ್ಲ. ನಿನ್ನ ಹೆಸರಿನಲ್ಲೊಂದು ಮನೆ ಮಾಡಿಕೊ ಎಂದು ಸಿಕ್ಕಾಗೆಲ್ಲ ಹೇಳುತ್ತೇನೆ. ಅವಳು ನಗುತ್ತಾಳೆ. ಆ ಇಮೇಲನ್ನು ಮೊನ್ನೆ ಮತ್ತೆ ತೆಗೆದು ಓದಿದೆ. ಒಂದು ಸಾಲೂ ಸುಳ್ಳಲ್ಲ. ನಾನು ಬರೆದದ್ದು ಸರಿ ಎಂದೇ ಇವತ್ತಿಗೂ ಅನಿಸುತ್ತದೆ. ಆಂಟಿ ಎದುರಿಗಿದ್ದಿದ್ದರೆ ಬೇಲಿಗೆ ಒರಗಿ ನಿಂತು ಗಂಟೆಗಟ್ಟಲೆ ವಾದ ಮಾಡುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ನನ್ನ ಮಾತು ಮುಗಿದಿಲ್ಲ. ಕೇಳಿಸಿಕೊಂಡು ‘ಅಲ್ಲ’ ಎನ್ನಬೇಕಾದ ಆಂಟಿಯೇ ಇಲ್ಲ.