ಗರ್ನಾಲು ಬಿಡುವ ಮೊದಲು

"ದೊಡ್ಡ ಶಬ್ದವಾದರೆ ಬೆಚ್ಚಿಬೀಳುತ್ತೀರಾ?" ಎಂದು ಕೇಳಿದೆ. "ಇಲ್ಲ, ಹಾಗೆಂತದೂ ಇಲ್ಲ" ಎಂದರು ಗುತ್ತಿಗಾರು ಕಡೆಯ ಆ ನಿವೃತ್ತ ಸೈನಿಕರು. ಯೋಧರ ಮಾನಸಿಕ ಆಘಾತದ ಕುರಿತ ನನ್ನ ಸಂಶೋಧನೆಯ ಪ್ರಶ್ನಾವಳಿಯಲ್ಲಿ 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ.

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. "ಆಯ್ತು ಮಾರಾಯ, ಬಿಡು" ಎಂದು ಫೋನಿಟ್ಟು ನನ್ನತ್ತ ತಿರುಗಿದರು. "ಪಕ್ಕದ ತೋಟದಲ್ಲಿ ಆನೆ ಉಂಟಂತೆ. ಓಡಿಸಲಿಕ್ಕೆ ತೋಟದವ ಗರ್ನಾಲು ಪಟಾಕಿ ಬಿಡ್ತಾನೆ. ಶಬ್ದ ಜೋರು, ನೀವು ಹೆದರ್ಬೇಡಿ."

ಹಾಗೆಂದವರೇ ಕಣ್ಣು ಮುಚ್ಚಿ, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೂರು ಬಾರಿ ಸಿಡಿಯಿತು. ಮೂರನೆಯದಾದ ಮೇಲೂ ಅವರ ಬೆರಳುಗಳು ಸಡಿಲಾಗಲು ತುಂಬ ಹೊತ್ತು ಬೇಕಾಯಿತು. ಬಳಿಕ, "ಮುಂದಿನ ಪ್ರಶ್ನೆ ಎಂತ?" ಎಂದರು.

ಹೊರಟಾಗ ಗೇಟಿನವರೆಗೆ ಬಂದ ಅವರ ಪತ್ನಿ ಮೆಲ್ಲಗೆ ಹೇಳಿದರು: "ಇವರಿಗೆ ಫೋನ್ ಮಾಡದೆ ಪಕ್ಕದವರು ಗರ್ನಾಲು ಬಿಡುದಿಲ್ಲ. ಮೊನ್ನೆ ಇವರು ಸ್ನಾನಕ್ಕೆ ಹೋಗಿದ್ರು, ಫೋನ್ ತೆಗಿಲಿಲ್ಲ. ಆನೆ ಅವರ ಬಾಳೆ ಪೂರಾ ಮುಗಿಸಿತು. ಅವರು ಬಿಡಲೇ ಇಲ್ಲ, ಕಾದದ್ದು."

ಪ್ರಶ್ನಾವಳಿಯಲ್ಲಿದ್ದ 'ಇಲ್ಲ'ವನ್ನು ನಾನು ತಿದ್ದಲಿಲ್ಲ. ಪಕ್ಕದವರು ಒಂದು ತೋಟ ಬಾಳೆ ಕಳೆದುಕೊಂಡು ಉಳಿಸಿಕೊಟ್ಟ ಉತ್ತರ ಅದು.