ಹದಿನೆಂಟು ಖೋಲಿಗಳ ಲೆಕ್ಕ

ಮುಂಬಯಿ ಒಂದು ದ್ವೀಪ. ನಾವಿದ್ದದ್ದು ಅದರ ಬಡಗಿನ ಇನ್ನೊಂದು ದ್ವೀಪದಲ್ಲಿ. ನಡುವೆ ಸಮುದ್ರ ಒಳಹೊಕ್ಕ ಖಾಡಿ, ಖಾಡಿಯ ಮೇಲೆ ಲೋಕಲ್ ಓಡುವ ಸೇತುವೆ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಂದಿವಲಿಯ ಕಡೆ ಇನ್ನೂ ದೊಡ್ಡ ಶಹರದೊಳಗೆ ಸೇರಿರಲಿಲ್ಲ. ನಮ್ಮ ಭಾಗಕ್ಕೆ ಬೇರೆಯೇ ಸಣ್ಣ ಮುನಿಸಿಪಾಲ್ಟಿ, ಹೆಂಚು ಹೊದಿಸಿದ ಮೂರು ಕೋಣೆಯ ಕಚೇರಿ. ಮೊದಲಿನಿಂದ ಇದ್ದವರು ಮೀನುಗಾರರು, ಭತ್ತ ಬೆಳೆಯುವ ಕ್ರೈಸ್ತರು. ಗುಡ್ಡದಲ್ಲಿ ಕಲ್ಲಿನ ಖಣಿ ತೆರೆದ ಮೇಲೆ ವಿಜಾಪುರದ ಕಡೆಯಿಂದ ನಾವು ಬಂದೆವು. ಮುಂಬಯಿಯ ಎಷ್ಟೋ ಬಿಲ್ಡಿಂಗ್‌ಗಳ ಪಾಯದಲ್ಲಿ ನಾನು ಉಳಿಯಿಂದ ಚೌಕ ಮಾಡಿದ ಕಲ್ಲಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ನನ್ನ ಕಲ್ಲಿಗೆ ಮೇಸ್ತ್ರಿ ಮೂಲೆಮಟ್ಟ ಹಿಡಿದು ನೋಡುತ್ತಿರಲಿಲ್ಲ.

ಒಂದು ಭಾನುವಾರ ಮುನಿಸಿಪಾಲ್ಟಿಯವರು ಕಳಿಸಿದ ಶಾಲಾ ಮಾಸ್ತರರೊಬ್ಬರು ವಹಿ ಹಿಡಿದು, ಒಂದೊಂದೇ ಕೋಣೆಯ ಮನೆಗಳ ಸಾಲಾದ ನಮ್ಮ ಚಾಳಿಗೆ ಬಂದರು. ಯಾವ ಓಣಿಯಲ್ಲಿ ಎಷ್ಟು ಮಂದಿ ನೆಲೆಸಿದ್ದಾರೆಂದು ಬರೆದುಕೊಳ್ಳುವ ಕೆಲಸ. ಮಿರಜಿನಲ್ಲಿ ಓದಿದವರು, ಕನ್ನಡ ಬರುತ್ತಿತ್ತು. ಹದಿನೆಂಟು ಖೋಲಿಯವರೂ ನನ್ನನ್ನೇ ಮುಂದೆ ಮಾಡಿದರು.

“ಬರ‍್ಕೋಬ್ಯಾಡ್ರಿ ಮಾಸ್ತರ,” ಎಂದೆ. “ನಾವು ಈ ಊರವರಲ್ಲ. ದುಡೀಲಿಕ್ಕೆ ಬಂದವರು.”

“ಏಳು ವರ್ಷಾತಲ್ಲೋ ನೀವು ಬಂದು?”

“ಎಪ್ಪತ್ತಾಗಲಿ. ನಮ್ಮ ಹೆಸರು ನಮ್ಮೂರ ದಫ್ತರದಾಗ ಐತಿ.”

ಪರ ಊರಿನ ವಹಿಯಲ್ಲಿ ಹೆಸರು ಬಿದ್ದರೆ ಊರ ಹೊಲದ ಹಕ್ಕಿನ ಉತಾರೆಯಿಂದ ಹೋಗುತ್ತದೆಂದು ನಮ್ಮವರಿಗೆಲ್ಲ ಅಂಜಿಕೆ. ನನಗೆ ಅಂಜಿಕೆಗಿಂತ ಸೊಕ್ಕು ಹೆಚ್ಚು. ಊರು ಬಿಟ್ಟವನೆಂದು ಯಾರೂ ಬರೆಯಬಾರದು, ಅಷ್ಟೆ. ಮಾಸ್ತರರು ಎರಡು ಸಲ ಕೇಳಿದರು. ಕೊನೆಗೆ ನಮ್ಮ ಚಾಳಿನ ಎದುರು ‘ತಾತ್ಪುರತೆ’ ಎಂದು ಬರೆದರು. ನಾಲ್ಕು ದಿನ ಇದ್ದು ಹೋಗುವವರು ಎಂದರ್ಥ.

ಮಳೆಗಾಲ ಕಳೆದ ಮೇಲೆ ಪಕ್ಕದ ಓಣಿಗೆ ನಲ್ಲಿ ಬಂತು. ನಮಗೆ ಬರಲಿಲ್ಲ. ವಿಚಾರಿಸಲು ಹೋದರೆ ಕಾರಕೂನ ಅದೇ ವಹಿ ತೆರೆದು ಬೆರಳಿಟ್ಟ. ನೆಲೆಸಿದವರ ಸಂಖ್ಯೆ ಬರೆಯುವ ಜಾಗ ಖಾಲಿ ಇತ್ತು. ಮಂದಿ ಇಲ್ಲದಲ್ಲಿಗೆ ನೀರು ಹೇಗೆ ಕೊಡುವುದು ಎಂದು ಕೇಳಿದ. ಅವನ ತಪ್ಪೇನೂ ಇರಲಿಲ್ಲ.

ಆಗ ಹೆಂಡತಿಗೆ ಏಳು ತಿಂಗಳು. ನೀರಿಗೆ ರೈಲು ಹಳಿ ದಾಟಿ ಬಾವಿಗೆ ಹೋಗಬೇಕು. ಒಂದು ಬೆಳಿಗ್ಗೆ ಬರಿಗೈಯಲ್ಲಿ ಬಂದಳು, ಮೊಣಕಾಲು ಒಡೆದಿತ್ತು. ಹಳಿಯ ಜಲ್ಲಿಯ ಮೇಲೆ ಜಾರಿದ್ದಳು. ಗಾಡಿಯ ಸೀಟಿ ಕೇಳಿ ಕೊಡ ಅಲ್ಲೇ ಬಿಟ್ಟು ಎದ್ದಿದ್ದಳು. ನಾನು ಕಚೇರಿಯ ಸಂಗತಿ ಹೇಳಿದೆ.

ಅವಳು ಸೆರಗಿನಿಂದ ರಕ್ತ ಒರೆಸಿಕೊಳ್ಳುತ್ತ ಕೇಳಿದಳು: “ನಾವು ಇಲ್ಲಿ ಇಲ್ಲೇ ಇಲ್ಲಂದ್ರ, ಈಗ ಬಿದ್ದಾಕಿ ಯಾರು?”

ಮರುದಿನ ಒಂದು ಹಾಳೆ ತಂದು ಬಾಗಿಲು ಬಾಗಿಲಿಗೆ ಹೋದೆ. ಖಣಿಯಲ್ಲಿ ಎಲ್ಲರಿಗಿಂತ ಹಿರಿಯನಾದ ಮುದುಕ ಬೀಡಿ ಆರಿಸಿ ನನ್ನನ್ನೇ ನೋಡಿದ.

“ಅವತ್ತು ಈ ಊರವರಲ್ಲ ಅಂದಿ. ಇವತ್ತು ಯಾವೂರಿಂದ ಬಂದೀಯಪ್ಪಾ?”

“ತಪ್ಪಾತು ಕಾಕಾ. ನೀವು ಹೆಸರು ಹೇಳ್ರಿ.”

ತಪ್ಪಾಯಿತೆಂಬ ಮಾತು ಉಳಿದ ಹದಿನೇಳು ಬಾಗಿಲಲ್ಲಿಯೂ ಹೇಳಬೇಕಾಯಿತು. ಮೊದಲು ನನ್ನ ಹೆಸರು ಬರೆದಿದ್ದೆ; ಅದನ್ನು ನೋಡಿ ಉಳಿದವರು ಕೊಟ್ಟರು. ಮುದುಕ ಸತ್ತುಹೋದ ತನ್ನ ತಮ್ಮನದನ್ನೂ ಸೇರಿಸು ಎಂದ. ಅವನೂ ಇಲ್ಲೇ ಕಲ್ಲು ಒಡೆದವನು. ಆಗುವುದಿಲ್ಲವೆಂದು ತಿಳಿದೂ ಬರೆದೆ.

ಕಾರಕೂನ ಹಾಳೆ ತೆಗೆದುಕೊಂಡು, ಸಭೆಯ ಮುಂದೆ ಇಡುತ್ತೇವೆ, ತಡವಾಗುತ್ತದೆ ಎಂದ. ತಡವೇ ಆಯಿತು. ಅಷ್ಟು ದಿನವೂ ಖಣಿಗೆ ಹೋಗುವ ಮೊದಲು ಕೊಡ ಹೆಗಲಿಗಿಟ್ಟು ಹಳಿ ದಾಟಿದವನು ನಾನು. ಬಾವಿಯಲ್ಲಿ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ಪಾಳಿಯಲ್ಲಿ ಜಾಗ ಬಿಟ್ಟರು. ನಲ್ಲಿಗೆ ನೀರು ಬಂದ ದಿನ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು. ಹಾಳೆ ಕೊಟ್ಟಾಗ ಅವಳಿನ್ನೂ ಹುಟ್ಟಿರಲಿಲ್ಲ. ಮರುದಿನ ಕಚೇರಿಗೆ ಹೋಗಿ, ನಮ್ಮ ಖೋಲಿಯ ಎದುರು ಒಬ್ಬರನ್ನು ಹೆಚ್ಚಿಗೆ ಬರೆಸಿ ಬಂದೆ.