ಹಿತ್ತಲೆಂದುಕೊಂಡ ಮುಂಬಾಗಿಲು

ಕೋಟೆ, ಗುಡಿಗಳಿಗಷ್ಟೇ ಚರಿತ್ರೆಯಿದೆ ಎಂದು ನಂಬಿದ್ದವರ ನಡುವೆ, ಸಣ್ಣ ರೈಲ್ವೆ ನಿಲ್ದಾಣದ ಗೋಡೆ, ಹೆಂಚು, ತೊಲೆಗಳನ್ನೂ ಓದಬಹುದೆಂದು ತೋರಿಸಿಕೊಟ್ಟ ಅಧ್ಯಾಪಕರಲ್ಲಿ ಶ್ರೀಮತಿ ಮೆಹತಾಬ್ ಅವರದು ಎದ್ದು ಕಾಣುವ ಹೆಸರು. ತುಮಕೂರಿನ ಶಿರಾ ಗೇಟಿನ ಬಳೆ ವ್ಯಾಪಾರಿಯ ಮಗಳಾಗಿ ಹುಟ್ಟಿ, ಕುಣಿಗಲ್ಲಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿ ಸೇವೆ ಆರಂಭಿಸಿ, ಮುಂದೆ ಗುಬ್ಬಿಗೆ ವರ್ಗವಾಗಿ ಬಂದವರು. ಒಂದು ಕಡೆ ಕೂರುವ ಜಾಯಮಾನ ಅವರದಲ್ಲ. ಪಾಠ ಹೇಳುವಾಗಲೂ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದುದರಿಂದ ಹಿಂದಿನ ಬೆಂಚಿನವರಿಗೆ ನಿದ್ದೆಯ ಭಾಗ್ಯವಿರಲಿಲ್ಲ. ಚೇಳೂರಿನಿಂದ ಬರುತ್ತಿದ್ದ ವಿದ್ಯಾರ್ಥಿನಿ ರೂಪಶ್ರೀಗೆ ಬಸ್ಸು ತಪ್ಪಿದ ದಿನ, ಅದೇ ಪಾಠವನ್ನು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳೊಬ್ಬಳಿಗೇ ಮತ್ತೆ ಹೇಳಿದ್ದುಂಟು.

ಅವರ ಚಡಪಡಿಕೆ ಮಿತಿಮೀರಿದ್ದು ಕಳೆದ ವರ್ಷ, ಬಾಳೆಕಟ್ಟೆ ಎಂಬ ಪುಟ್ಟ ನಿಲ್ದಾಣದ ಹಿಂಬದಿಯ ಚಾವಡಿಯನ್ನು ಕೆಡವುತ್ತಾರೆಂಬ ಸುದ್ದಿ ಬಂದಾಗ. ಮೀಟರ್ ಗೇಜ್ ಕಾಲದ ಆ ಚಾವಡಿಗೆ ಕಲ್ಲುಕಂಬ, ಸೂರಿನಂಚಿಗೆ ಮರದ ಕೆತ್ತನೆ. ಮುಂದೆಲ್ಲ ಜಾಲಿ ಬೆಳೆದು, ಊರವರ ಬಾಯಲ್ಲಿ ಅದು ‘ಟೇಸನ್ ಹಿತ್ಲು’ ಆಗಿತ್ತು. ಹಿತ್ತಲ ಗಿಡ ಮದ್ದಲ್ಲವಲ್ಲ. ಹಿತ್ತಲಿಗೆ ಇಷ್ಟು ಸಿಂಗಾರ ಯಾರು ಮಾಡುತ್ತಾರೆ ಎಂದು ಮೆಹತಾಬ್ ಹುಡುಕುತ್ತ ಹೋದರು. ಹಳೆಯ ಗಾಡಿದಾರಿ ಆ ಕಡೆಯೇ ಇತ್ತು. ಹಳಿಯಾಚೆ ಹೊಸ ರಸ್ತೆ ಬಂದ ಮೇಲೆ ಜನ ಪ್ಲಾಟ್‌ಫಾರಂ ಕಡೆಯಿಂದಲೇ ಬರತೊಡಗಿ, ಊರೇ ಕಟ್ಟಡದ ಮುಖ ಮರೆತಿತ್ತು.

“ಹಿಂದಿನ ಶೆಡ್ ತಾನೇ ಮೇಡಂ, ಹೋಗ್ಲಿ ಬಿಡಿ” ಎಂದರು ಉಸ್ತುವಾರಿಯ ಇಂಜಿನಿಯರ್ ಸಿದ್ಧಾರ್ಥ್.

“ಅದು ಮುಂಬಾಗಿಲು ಕಣಪ್ಪ. ಹಿಂದಿನಿಂದ ಬರ್ತಿರೋರು ನಾವು.”

ಮೆಹತಾಬ್ ತೆಗೆದಿಟ್ಟಿದ್ದ ಅಳತೆಗಳನ್ನೆಲ್ಲ ನೋಡಿ ಸಿದ್ಧಾರ್ಥ್ ಒಪ್ಪಿದರು. “ಆದ್ರೆ ಯಾರೂ ಓಡಾಡದ ಬಾಗಿಲು ಉಳ್ಸಿ ಅಂತ ಮೇಲಿನವ್ರಿಗೆ ಹೆಂಗ್ ಬರೀಲಿ ಮೇಡಂ?” ಎಂದು ಕೇಳಿದರು. ಆ ಮಾತು ಮೆಹತಾಬರನ್ನು ಬಹಳ ನೋಯಿಸಿತು.

ಅಂದಿನಿಂದ ಪ್ರತಿ ಭಾನುವಾರ ರೈಲಿನಲ್ಲಿ ಬಾಳೆಕಟ್ಟೆಗೆ ಹೋಗಿ, ಆ ಚಾವಡಿಯಿಂದಲೇ ಹೊರಬಿದ್ದು, ಸೀರೆಗೆ ಮುಳ್ಳು ಕಚ್ಚಿಸಿಕೊಂಡು, ಕೆರೆ ಏರಿ ಸುತ್ತಿ ಊರು ಸೇರತೊಡಗಿದರು. “ಮೇಡಮ್ಮೋರಿಗೆ ದಾರಿ ತಪ್ಪೈತೆ” ಎಂದು ನಕ್ಕ ರೈತ ಕರಿಸಿದ್ದಪ್ಪನೇ ಒಂದು ದಿನ ಮಚ್ಚು ತಂದು ಜಾಲಿ ಸವರಿದ. ಈಗ ಹಾಲಿನವರು, ಸಂತೆಗೆ ಹೊರಟವರು ಕೆಲವರು ಅವರ ಹಿಂದೆ ಅತ್ತಲಿಂದ ಓಡಾಡುತ್ತಾರೆ. ಮೇಡಂ ಬಾರದ ವಾರ ಮತ್ತೆ ಹಳಿ ದಾಟುತ್ತಾರೆ. ಕೆಡವುವ ಆದೇಶ ರದ್ದಾಗಿಲ್ಲ, ತಡೆಹಿಡಿದಿದ್ದಾರೆ ಅಷ್ಟೇ.

ನಿವೃತ್ತರಾಗುತ್ತಿರುವ ಗುರುಗಳಿಗೆ ತುಂಬು ಆಯುಸ್ಸನ್ನೂ, ಇನ್ನಷ್ಟು ಬರವಣಿಗೆಯನ್ನೂ ಮನಸಾರೆ ಕೋರುತ್ತೇವೆ. ಮೊಣಕಾಲು ನೋವೆಂದು ಬಲ್ಲೆವು. ಆದರೂ ಇನ್ನು ಸುಖವಾಗಿ ಕುಳಿತಿರಿ ಎಂದು ಹಾರೈಸಲು ನಮಗೆ ಧೈರ್ಯವಿಲ್ಲ. ಅವರು ಕುಳಿತರೆ ಆ ಬಾಗಿಲು ಬೀಳುತ್ತದೆ.